ಶೆಡ್ಡಿಗೊಂದು ಹಾಡುವ ಪೆಟ್ಟಿಗೆ

೮ ಜನವರಿ ೨೦೦೬, ಬ್ಯಾಡಗಿ

ಇವತ್ತು ಆಂಪ್ಲಿಫೈಯರ್ ಸಿದ್ಧವಾಯಿತು. ಬೆಸುಗೆ ಹಾಕಿದ್ದೆಲ್ಲ ನಾನೇ. ಹಳೆಯ ಬಾಗಿಲಿನ ಹಲಗೆ ಕೊಯ್ಸಿ ಮಾಡಿದ ಎರಡು ಸ್ಪೀಕರ್ ಡಬ್ಬಿಗಳನ್ನು ಪಡಸಾಲೆಯ ಕಿಟಕಿಯಲ್ಲಿ ಹಿತ್ತಲ ಕಡೆಗೆ ಮುಖ ಮಾಡಿ ಕೂರಿಸಿದ್ದೇನೆ. ಹಿತ್ತಲಲ್ಲಿ ನಮ್ಮ ತಗಡಿನ ಶೆಡ್ಡು. ಅಲ್ಲಿ ಎಂಟು ಹೆಣ್ಣುಮಕ್ಕಳು ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಮೆಣಸಿನಕಾಯಿ ತುಂಬು ಬಿಡಿಸುತ್ತಾರೆ. ಒಂದೊಂದೇ ಕಾಯಿ ಹಿಡಿದು ತೊಟ್ಟು ಚಿವುಟಿ ಬುಟ್ಟಿಗೆ ಹಾಕುವುದು, ಬುಟ್ಟಿ ತುಂಬಿದರೆ ಚೀಲಕ್ಕೆ ಸುರಿಯುವುದು, ಮತ್ತೆ ಒಂದೊಂದೇ ಕಾಯಿ. ಕಾಯಿ ಪ್ರಭುಲಿಂಗಪ್ಪ ಸಾವಕಾರನದು, ಶೆಡ್ಡು ನಮ್ಮದು, ಉಸ್ತುವಾರಿ ಅವ್ವನದು, ಬೆರಳು ಆ ಎಂಟು ಜನರದು. ಇದರಲ್ಲಿ ಯಾವುದು ಇಲ್ಲದಿದ್ದರೆ ಕೆಲಸ ನಿಲ್ಲುತ್ತದೆ ಎಂದು ಅವರು ತಮ್ಮನ್ನೇ ಕೇಳಿಕೊಳ್ಳುವಂತೆ ಮಾಡುವುದು ನನ್ನ ಈ ವರ್ಷದ ಗುರಿ.

ಊರಲ್ಲಿ ಉಳಿದ ಕಡೆ ಕಿಲೋ ಲೆಕ್ಕದಲ್ಲಿ ಕೂಲಿ. ಸಾವಕಾರ ಮಾತ್ರ ದಿನಗೂಲಿ ಕೊಡುತ್ತಾನೆ, ಅವಸರದಲ್ಲಿ ಕಾಯಿ ಮುರಿಯಬಾರದೆಂದು. ಜನ ಇದನ್ನು ಅವನ ದೊಡ್ಡತನ ಎಂದು ತಿಳಿದಿದ್ದಾರೆ. ಇಂಥ ಭ್ರಮೆಗಳನ್ನು ಒಡೆಯಲು ಕರಪತ್ರ ಸಾಲದು, ಏಕೆಂದರೆ ಎಂಟರಲ್ಲಿ ಆರು ಜನಕ್ಕೆ ಓದು ಬರುವುದಿಲ್ಲ. ಆದರೆ ಕಿವಿ ಎಲ್ಲರಿಗೂ ಇದೆ, ದುಡಿಯುವಾಗ ಬಿಡುವಾಗಿಯೂ ಇದೆ. ಕಿವಿಯ ಮೂಲಕ ಹೋಗಬೇಕು.

ಈಗ ಬೇಕಾದದ್ದು ಆಂಪ್ಲಿಫೈಯರಿಗೆ ಧ್ವನಿ ಕೊಡುವ ಒಂದು ಯಂತ್ರ. ಷರತ್ತುಗಳನ್ನು ಬರೆದಿಟ್ಟಿದ್ದೇನೆ. ವಿದೇಶಿ ಕಂಪನಿಯದು ಆಗಬಾರದು. ದೃಶ್ಯ ತೋರಿಸುವಂಥದ್ದು ಆಗಬಾರದು, ದೃಶ್ಯ ಜನರನ್ನು ಮಲಗಿಸುತ್ತದೆ. ಸರ್ಕಾರದ ಬಾಯಿಯಾದ ರೇಡಿಯೋ ಬೇಡವೇ ಬೇಡ. ಬೆಲೆ ಹದಿನೈದು ನೂರು ದಾಟಬಾರದು, ಟ್ಯೂಷನ್ನಿನಲ್ಲಿ ಉಳಿದದ್ದು ಅಷ್ಟೇ.

ಅವ್ವ ವೈರು ನೋಡಿ, "ಹಾಡು ಹಚ್ಚು ಅಂತ ಅವ್ರೇನು ನಿನ್ನ ಕೇಳ್ಯಾರೇನು?" ಎಂದಳು.

"ಕೇಳದೆ ಇರೂದ ಸಮಸ್ಯೆ ಅವ್ವಾ."

"ಹಂಗಾರ ಅದು ನಿನ್ನ ಸಮಸ್ಯೆ. ವೈರು ಕಾಲಿಗೆ ತೊಡಕಂಗ ಬಿಡಬ್ಯಾಡ."

೧೨ ಜನವರಿ, ರಾಣೆಬೆನ್ನೂರು

ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಕುತುಬುದ್ದೀನ ಎಂಬವನ ಅಂಗಡಿಯಿದೆ. ಮಾರುತ್ತಾನೆ, ರಿಪೇರಿಯನ್ನೂ ಮಾಡುತ್ತಾನೆ. ಐವತ್ತೈದು ದಾಟಿರಬೇಕು, ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡೇ ಮಾತಾಡುತ್ತಾನೆ.

"ಎಷ್ಟು ಇಟ್ಟೀದಿ ತಮ್ಮಾ?"

"ಹದಿನೈದು ನೂರು. ಆದ್ರ ನನಗ ರೊಕ್ಕಕ್ಕಿಂತ ತತ್ವ ಮುಖ್ಯ ರೀ."

"ತತ್ವಕ್ಕ ವಾರಂಟಿ ಇರಂಗಿಲ್ಲ ನೋಡು. ರೊಕ್ಕದ ಮಾತ ಆಡೂಣು."

ಮೊದಲು ಒಂದು ಸೆಕೆಂಡ್ ಹ್ಯಾಂಡ್ ಟೇಪ್ ತೋರಿಸಿದ. ಧ್ವನಿ ಮೃದುವಾಗಿತ್ತು. ಆದರೆ ಅರ್ಧ ಗಂಟೆಗೊಮ್ಮೆ ಎದ್ದು ಕ್ಯಾಸೆಟ್ ಹೊರಳಿಸಬೇಕು. ಮೆಣಸಿನಕಾಯಿ ಧೂಳಿಗೆ ಟೇಪಿನ ಹೆಡ್ಡು ತಿಂಗಳಲ್ಲಿ ಕೆಡುತ್ತದೆಂದು ಅವನೇ ಹೇಳಿದ. ಆಮೇಲೆ ಒಂದು ವಿ.ಸಿ.ಡಿ. ಪ್ಲೇಯರ್. ಅದರಲ್ಲಿ ಎಂ.ಪಿ.ಥ್ರೀ ಡಿಸ್ಕೂ ಓಡುತ್ತದಂತೆ, ಒಂದೇ ಡಿಸ್ಕಿನಲ್ಲಿ ನೂರೈವತ್ತು ಹಾಡು ಹಿಡಿಯುತ್ತವಂತೆ, ಬೆಳಿಗ್ಗೆ ಹಚ್ಚಿದರೆ ಸಂಜೆವರೆಗೆ ಮುಟ್ಟುವುದೇ ಬೇಡವಂತೆ.

"ಇದು ಯಾವ ದೇಶದ್ದು?"

"ಹಿಂದ ಬರದೈತಿ, ಓದಿಕೋ. ಮುಂದ ಬರದದ್ದು ಬ್ಯಾರೆ ದೇಶ. ಬಿಚ್ಚಿದ್ರ ಒಳಗ ಇನ್ನೂ ನಾಕು ದೇಶ ಅದಾವು."

ಸ್ವದೇಶಿ ಕೈಗಾರಿಕೆಯ ನಾಶದ ಬಗ್ಗೆ ನಾನು ಸುಮಾರು ಹತ್ತು ನಿಮಿಷ ಮಾತಾಡಿದೆ. ಆತ ಬೆಸುಗೆ ಹಾಕುತ್ತಲೇ ಕೇಳಿದ. ಕೊನೆಗೆ, ನೀವು ವಿದೇಶಿ ಕಂಪನಿಗಳ ದಲ್ಲಾಳಿ ಎಂದು ಮುಖಕ್ಕೇ ಹೇಳಿದೆ. ಸಿಟ್ಟಾಗಲಿಲ್ಲ.

"ಕಮಿಷನ್ ಕೊಟ್ಟಿಲ್ಲ ಅವ್ರು ಇನ್ನೂ. ಕುಂದ್ರು, ಚಾ ಕುಡಿ. ನಿನ್ನ ಡಬ್ಬಿಗೆ, ನಿನ್ನ ಆಂಪ್ಲಿಫೈಯರಿಗೆ ಇದ ವಿ.ಸಿ.ಡಿ. ಸಾಕು. ಇದಕ್ಕಿಂತ ಹೆಚ್ಚಿಂದು ತಗೊಂಡ್ರ ಫರಕು ನಿನ್ನ ಕಿಸೆಗಷ್ಟ ಗೊತ್ತಾಗತೈತಿ, ಕಿವಿಗಲ್ಲ."

ಚಹಾ ಕುಡಿಯದೆ ಎದ್ದು ಬಂದೆ.

೧೬ ಜನವರಿ, ಹಾವೇರಿ

ಕೋರ್ಟಿನ ಮುಂದೆ ಕರಪತ್ರ ಹಂಚಿದ ಮೇಲೆ ಗಾಜಿನ ಬಾಗಿಲಿನ ಒಂದು ದೊಡ್ಡ ಅಂಗಡಿಗೆ ಹೋದೆ. ಟೈ ಕಟ್ಟಿದ ಮಾರಾಟಗಾರ ಏನೋ ಗುಡುಗುವಂಥದ್ದನ್ನು ಹಚ್ಚಿ, "ಎದೆ ನಡುಗಿತಾ ಸರ್?" ಎಂದು ಕೇಳಿದ. ನಡುಗಿದ್ದು ನಿಜ. ಆದರೆ ನಾನು ಒಯ್ದಿದ್ದ ಡಿಸ್ಕು ಹಾಕಲು ಹೇಳಿದೆ. ಹೆಚ್ಚುವರಿ ಮೌಲ್ಯದ ಬಗ್ಗೆ ಒಂದು ಉಪನ್ಯಾಸ. ಒಂದು ನಿಮಿಷ ಕೇಳಿ, "ಇದ್ರಲ್ಲಿ ಬಾಸ್ ಇಲ್ಲ ಸರ್," ಎಂದ. ಬೆಲೆ ಆರು ಸಾವಿರ. ಹೊರಗೆ ಬಂದೆ.

೧೯ ಜನವರಿ

ಕುತುಬುದ್ದೀನನ ವಿ.ಸಿ.ಡಿ. ಪ್ಲೇಯರ್ ತಂದೆ. ಹದಿನಾಲ್ಕು ನೂರು.

ನನ್ನ ಷರತ್ತುಗಳು ಮುರಿದಿವೆ ಎಂದು ಯಾರಾದರೂ ಹೇಳಿದರೆ ಒಪ್ಪುವುದಿಲ್ಲ. ವಿದೇಶಿ ಕಂಪನಿಗೆ ನಾನು ಏನೂ ಕೊಟ್ಟಿಲ್ಲ, ಕೊಟ್ಟಿದ್ದು ರಾಣೆಬೆನ್ನೂರಿನ ಒಬ್ಬ ಕುಶಲಕರ್ಮಿಗೆ. ಇನ್ನು ದೃಶ್ಯದ ವಿಷಯ. ಹಿಂಬದಿಯಲ್ಲಿ ಟಿವಿಗೆ ಸಿಕ್ಕಿಸುವ ಹಳದಿ ತೂತಿಗೆ ಮೆಡಿಕಲ್ ಪಟ್ಟಿ ಅಂಟಿಸಿದ್ದೇನೆ. ಮನೆಯಲ್ಲಿ ಟಿವಿ ಇಲ್ಲ, ಆದರೂ ತತ್ವದ ದೃಷ್ಟಿಯಿಂದ ಅಂಟಿಸಿದೆ.

ಕುಮಾರಪಟ್ಟಣದ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ಗೆಳೆಯ ಸುನೀಲಕುಮಾರ ಡಿಸ್ಕು ಕಳಿಸಿದ್ದಾನೆ. ನಲವತ್ತು ಹೋರಾಟದ ಹಾಡು, ಆರು ಉಪನ್ಯಾಸ.

೨೧ ಜನವರಿ

ಮೊದಲ ದಿನ.

ಬೆಳಿಗ್ಗೆ ಉಪನ್ಯಾಸದಿಂದ ಆರಂಭಿಸಿದೆ. ಐದು ನಿಮಿಷದ ಮೇಲೆ ಬೀರವ್ವ ತಲೆ ಎತ್ತಿದಳು. ಶೆಡ್ಡಿನಲ್ಲಿ ಅವಳದೇ ಬಾಯಿ ಜೋರು, ಅವಳದೇ ಕೈ ಚುರುಕು.

"ಮಾಂತೇಶಪ್ಪಾ, ಈ ಸಾಹೇಬ್ರು ಮುಂಜಾನಿ ಏನರ ಉಂಡಾರೇನು? ದನಿ ಭಾಳ ಸೋತೈತಿ."

"ಅದು ನಿಮ್ಮ ಬೆವರಿನ ಬಗ್ಗೆ ಐತಿ, ಲಕ್ಷ್ಯ ಕೊಟ್ಟು ಕೇಳ್ರಿ."

"ಬೆವರು ನಮಗ ಗೊತ್ತಿಲ್ಲೇನಪ? ಅವ್ರಿಗೆ ಹೊಸದಾಗಿ ಗೊತ್ತಾಗೈತೇನು?"

ಅರ್ಧ ಗಂಟೆಯಲ್ಲಿ ಅಮೀರಬಿ ಎಂಬ ಮುದುಕಿ ಕೈಯಲ್ಲಿ ಕಾಯಿ ಹಿಡಿದುಕೊಂಡೇ ನಿದ್ದೆ ಹೋಗಿದ್ದಳು. ಎಲ್ಲರಿಗಿಂತ ಹಿರಿಯಳು, ಎಲ್ಲರಿಗಿಂತ ನಿಧಾನ. ನನಗೆ ಬೇಸರವಾಯಿತು. ಹಾಡಿಗೆ ಬದಲಿಸಿದೆ.

ಆಗ ಆದದ್ದನ್ನು ಸರಿಯಾಗಿ ದಾಖಲಿಸಬೇಕು. ಹಾಡಿನಲ್ಲಿ ಹಲಗೆ ವಾದ್ಯದ ಪೆಟ್ಟು ಬಿದ್ದ ಕೂಡಲೇ ಎಲ್ಲರ ಬೆನ್ನು ನೆಟ್ಟಗಾಯಿತು. ಎರಡನೇ ಹಾಡಿನ ಹೊತ್ತಿಗೆ ಬೆರಳುಗಳು ತಾಳಕ್ಕೆ ಬಿದ್ದವು. ಚಟ್, ಚಟ್, ಚಟ್. ಹದಿನಾಲ್ಕು ಕೈಗಳಿಂದ ಒಂದೇ ಹೊತ್ತಿಗೆ ತೊಟ್ಟು ಬೀಳುತ್ತಿದ್ದವು. ಪ್ರಜ್ಞೆ ಮೊದಲು ತಲೆಗೆ ಬರುತ್ತದೆಂದು ನಾನು ಓದಿದ್ದೆ. ತಪ್ಪು. ಅದು ಮೊದಲು ಕೈಗೆ ಬರುತ್ತದೆ.

ಸಂಜೆ ಅವ್ವ ಬುಟ್ಟಿ ಎಣಿಸಿದಳು. ದಿನಕ್ಕೆ ತಲಾ ಐದು ಬುಟ್ಟಿ ಬಿಡಿಸುತ್ತಿದ್ದವರು ಏಳು ಬಿಡಿಸಿದ್ದಾರೆ. ಅಮೀರಬಿ ಮಾತ್ರ ಎಂದಿನಂತೆ ನಾಲ್ಕು. ಅವಳಿಗಿನ್ನೂ ತಾಳ ಹತ್ತಿಲ್ಲ. ಹತ್ತುತ್ತದೆ.

೨೭ ಜನವರಿ

ಸಾವಕಾರ ಬಂದಿದ್ದ. ದುಡಿದವನಿಗೆ ಪಾಲೆಲ್ಲಿ ಎಂದು ಕೇಳುವ ಹಾಡು ಹತ್ತಿತ್ತು. ಬೇಕೆಂದೇ ನಿಲ್ಲಿಸಲಿಲ್ಲ, ವಾಲ್ಯೂಮ್ ಸ್ವಲ್ಪ ಏರಿಸಿದೆ. ಕಾಯಿಯ ರಾಶಿಯ ಮುಂದೆ ನಿಂತು ಅವನು ಕೊನೆಯವರೆಗೆ ಕೇಳಿದ. ಚಪ್ಪಲಿಯ ತುದಿ ತಾಳಕ್ಕೆ ಕುಣಿಯುತ್ತಿತ್ತು.

"ಭೇಷ್ ಹಾಡು ಹಿಡದೀಯಲ್ಲೋ. ದಿನಾ ಇದನ್ನ ಹಚ್ಚು. ಆ ಭಾಷಣ ಮಾತ್ರ ಬ್ಯಾಡ, ಬೇಕಾದ್ರ ಉಣ್ಣೂ ಹೊತ್ತಿನ್ಯಾಗ ಹಚ್ಚು. ಕರೆಂಟಿಂದು ನಾ ನೋಡ್ಕೋತೀನಿ."

ಸಂಜೆ ಅವನ ಆಳು ಡಾಕಪ್ಪನ ಕೈಯಲ್ಲಿ ಅರ್ಧ ಕಿಲೋ ಪೇಡೆ ಕಳಿಸಿದ.

ಬಂಡವಾಳ ತನ್ನ ವಿರುದ್ಧದ ಹಾಡಿಗೆ ತಾನೇ ಕರೆಂಟು ಕೊಡುವ ಹಂತಕ್ಕೆ ಬಂದಿದೆ. ಇದನ್ನು ನಾನು ದೊಡ್ಡ ಗೆಲುವೆಂದು ಪರಿಗಣಿಸುತ್ತೇನೆ. ಪೇಡೆ ತಿನ್ನಲಿಲ್ಲ. ಒಂದು ತಿಂದೆ, ಅವ್ವನ ಒತ್ತಾಯಕ್ಕೆ.

೨ ಫೆಬ್ರವರಿ

ಅಮೀರಬಿಯನ್ನು ಬಿಡಿಸಿದರು.

ಮಧ್ಯಾಹ್ನ ಸಾವಕಾರ ಅವ್ವನಿಗೆ ಹೇಳಿ ಹೋದನಂತೆ. "ಏಳು ಮಂದಿ ಸಾಕಾಗ್ಯಾರ ನೀಲಗಂಗವ್ವ. ಆ ಮುದುಕಿಗೆ ಇನ್ನ ಬರಬ್ಯಾಡ ಅಂತ ಹೇಳಿಬಿಡು." ಆರು ಗಂಟೆಗೆ ಅವ್ವ ಹೇಳಿದಳು. ಅಮೀರಬಿ ಬುಟ್ಟಿ ತೊಳೆದು, ಗೋಡೆಗೆ ಬೋರಲು ಹಾಕಿ ಹೋದಳು.

ಇದು ಯಂತ್ರ ಮತ್ತು ದುಡಿಮೆಯ ಸಂಬಂಧದ ಶುದ್ಧ ಉದಾಹರಣೆ. ಇದರ ಮೇಲೆ ಒಂದು ಕರಪತ್ರ ಬರೆಯಲು ಕುಳಿತೆ. ಮೂರು ಪ್ಯಾರಾ ಆದವು. ಅವ್ವ ಒಲೆಯ ಮುಂದಿನಿಂದಲೇ ಹೇಳಿದಳು:

"ಅಕಿ ಮೊದ್ಲೂ ನಾಕ ಬುಟ್ಟಿ ಬಿಡಸ್ತಿದ್ಲು. ಉಳದವ್ರು ಐದು. ಒಂದು ಬುಟ್ಟಿ ಫರಕು ಯಾರ ಕಣ್ಣಿಗೂ ಬೀಳ್ತಿದ್ದಿಲ್ಲ. ಈಗ ಮೂರು ಬುಟ್ಟಿ ಫರಕು. ಮುಚ್ಚಿದ್ದನ್ನ ನೀನ ತಗದು ತೋರಿಸ್ದಿ ಮಾಂತ್ಯಾ."

ಅವ್ವನಿಗೆ ವ್ಯವಸ್ಥೆ ಕಾಣುವುದಿಲ್ಲ, ಬುಟ್ಟಿ ಮಾತ್ರ ಕಾಣುತ್ತದೆ.

೪ ಫೆಬ್ರವರಿ

ಪ್ರತಿಭಟನಾ ಪತ್ರಕ್ಕೆ ಹೆಬ್ಬೆಟ್ಟು ಹಾಕಿಸಿಕೊಳ್ಳಲು ಅಮೀರಬಿಯ ಮನೆಗೆ ಹೋದೆ. ಮೈದುನ ಶಮಶೇರಸಾಬನ ಮನೆಯ ಹಿಂದಿನ ಕೋಣೆಯಲ್ಲಿರುತ್ತಾಳೆ. ಗಂಡ ಹೋಗಿ ಇಪ್ಪತ್ತು ವರ್ಷ. ಮಕ್ಕಳಿಲ್ಲ.

"ಬಾರಪ್ಪಾ. ಮಿಷನ್ ಚಲೋ ನಡದೈತೇನು?"

ಪತ್ರ ಓದಿ ಹೇಳಿದೆ. ಕಣ್ಣು ಮುಚ್ಚಿ ಕೇಳಿದಳು. ಉಪನ್ಯಾಸದ ದಿನದಂತೆ ನಿದ್ದೆ ಹೋದಳೋ ಎಂದು ಎರಡು ಸಲ ನಿಲ್ಲಿಸಿ ನೋಡಿದೆ.

"ಇದಕ್ಕ ಬಟ್ಟು ಒತ್ತಿದ್ರ ಕರೀತಾರೇನು?"

"ಕರೀಲಿಕ್ಕಿಲ್ಲ. ಆದ್ರ ಅನ್ಯಾಯ ದಾಖಲಾಗತೈತಿ."

"ದಾಖಲಾಗಿ?"

ಉತ್ತರ ಉದ್ದವಿತ್ತು, ಹೇಳತೊಡಗಿದೆ. ಅವಳು ಅಡ್ಡ ಬಂದಳು.

"ನನಗ ಪಗಾರದ ಚಿಂತಿ ಅಲ್ಲಪ್ಪಾ. ಮೈದುನ ಉಪವಾಸ ಕೆಡವಂಗಿಲ್ಲ. ಕೆಲಸಕ್ಕ ಹೋಗಿ ಬಂದ್ರ ಸಂಜೀಕ ನನ್ನ ತಾಟು ನಾನ ತಗೋತಿದ್ದೆ. ಹಚ್ಚಿಕೊಂಡು ಉಣತಿದ್ದೆ. ಈಗ ಎರಡು ದಿನ ಆತು, ಮೂಲ್ಯಾಗ ಕುಂತು ಯಾರರ ತಾಟು ಕೊಡ್ತಾರೇನಂತ ನೋಡಾಕತ್ತೇನಿ. ಕೊಡ್ತಾರ. ಕೊಡೂದಿಲ್ಲ ಅಂತಲ್ಲ."

ಹೆಬ್ಬೆಟ್ಟು ಒತ್ತಿದಳು, ನನಗೆ ಬೇಜಾರಾಗಬಾರದೆಂದು. ಪತ್ರವನ್ನು ಯಾರಿಗೆ ಕೊಡಬೇಕೆಂದು ಇನ್ನೂ ನಿರ್ಧರಿಸಿಲ್ಲ.

೫ ಫೆಬ್ರವರಿ

ಬೀರವ್ವ ನೀರು ಕುಡಿಯಲು ಪಡಸಾಲೆಗೆ ಬಂದವಳು ಹರವಿಯ ಹತ್ತಿರ ನಿಂತೇ ಕೇಳಿದಳು.

"ಮಾಂತೇಶಪ್ಪಾ, ಹಾಡು ಬಂದ್ ಮಾಡಾಕ ಬರಂಗಿಲ್ಲೇನು?"

ಹಾಡು ನಿಲ್ಲಿಸುವುದು ಶರಣಾಗತಿ ಎಂದು ವಿವರಿಸಿದೆ. ಶ್ರಮಿಕರ ಹಾಡನ್ನು ಶ್ರಮಿಕರೇ ಬೇಡವೆನ್ನುವುದು ಶತ್ರುವಿಗೆ ಸಂತೋಷ ಕೊಡುತ್ತದೆ ಎಂದೂ ಹೇಳಿದೆ. ಅವ್ವ ಬೇರೆ ಕಾರಣ ಹೇಳಿದಳು. ನಾವಾಗಿಯೇ ಬಂದ್ ಮಾಡಿದರೆ ಸಾವಕಾರ ಚೀಲಗಳನ್ನು ಬೇರೆ ಶೆಡ್ಡಿಗೆ ಒಯ್ಯುತ್ತಾನೆ, ಆಗ ಏಳೂ ಮಂದಿಯ ಕೆಲಸ ಹೋಗುತ್ತದೆ.

"ಹಂಗಾರ ನಾವಾಗಿ ಬಂದ್ ಮಾಡಬಾರ್ದು," ಎಂದಳು ಬೀರವ್ವ. ಕೊನೆಗೂ ಒಬ್ಬರಿಗೆ ಅರ್ಥವಾಯಿತು.

೭ ಫೆಬ್ರವರಿ

ಯಂತ್ರ ಕೆಟ್ಟಿದೆ. ಡಿಸ್ಕು ಹಾಕಿದರೂ 'ನೋ ಡಿಸ್ಕ್' ಎಂದು ತೋರಿಸುತ್ತದೆ. ಬಿಚ್ಚಿ ನೋಡಿದರೆ ಲೆನ್ಸಿನ ಮೇಲೆ ಮೆಣಸಿನ ಪುಡಿ. ಹತ್ತಿಯಿಂದ ಒರೆಸಿದೆ. ಆಮೇಲೆ ಅದೇ ಬೆರಳಿನಿಂದ ಕಣ್ಣು ಉಜ್ಜಿಕೊಂಡೆ. ಮಧ್ಯಾಹ್ನದವರೆಗೆ ಏನೂ ಕಾಣಲಿಲ್ಲ.

೯ ಫೆಬ್ರವರಿ

ಮತ್ತೆ 'ನೋ ಡಿಸ್ಕ್'. ಒರೆಸಿದೆ.

೧೦ ಫೆಬ್ರವರಿ

ಮತ್ತೆ. ವಿದೇಶಿ ಮಾಲಿನ ಹಣೆಬರಹ ಇದು. ಮುಚ್ಚಳದ ಸಂದಿಯಲ್ಲಿ ಇಷ್ಟು ಧೂಳು ನುಗ್ಗುತ್ತದೆಂದರೆ ಅದನ್ನು ಮಾಡಿದವರಿಗೆ ನಮ್ಮ ಊರಿನ ಗಾಳಿಯ ಬಗ್ಗೆ ಏನೂ ಗೊತ್ತಿಲ್ಲ. ಕುತುಬುದ್ದೀನನಿಗೆ ಕಟುವಾದ ಪತ್ರ ಬರೆದೆ. ಮೆಡಿಕಲ್ಲಿನಿಂದ ದೊಡ್ಡ ಸುರುಳಿ ಹತ್ತಿ ತಂದೆ, ತಿಂಗಳಿಗೆ ಸಾಕು.

ಹೆಣ್ಣುಮಕ್ಕಳಿಗೆ ಯಂತ್ರದ ಮೇಲೆ ಅಕ್ಕರೆ ಹುಟ್ಟಿದೆ. ಏಳೂ ಮಂದಿ ಒಬ್ಬೊಬ್ಬರಾಗಿ ಬಂದು ಕೇಳಿದರು. "ಇವತ್ತೂ ಹಾಡವಲ್ದೇನು? ಪಾಪ." ಇಷ್ಟು ದಿನ ಹರವಿಯ ನೀರು ಇಷ್ಟು ಖರ್ಚಾಗುತ್ತಿರಲಿಲ್ಲ.

೧೩ ಫೆಬ್ರವರಿ

ಬೆಳಿಗ್ಗೆ ಒಂಬತ್ತೂವರೆಗೆ ಟ್ಯೂಷನ್ ಮುಗಿಸಿ ಬಂದು ನೋಡಿದಾಗ ಡಿಸ್ಕು ಇಡುವ ಟ್ರೇ ಹೊರಗೆ ಚಾಚಿಕೊಂಡಿತ್ತು. ನಿನ್ನೆ ಸಂಜೆ ನಾನೇ ಮುಚ್ಚಿದ್ದೆ. ಅದರ ಮೇಲೆ ಚಿಟಿಕೆಯಷ್ಟು ಪುಡಿ, ಎರಡು ಬೀಜ, ಪಕ್ಕದಲ್ಲಿ ಎಣ್ಣೆ ಹತ್ತಿದ ಹೆಬ್ಬೆರಳಿನ ಕೆಂಪು ಗುರುತು. ಉರಿ ಹತ್ತಬಾರದೆಂದು ಅವರೆಲ್ಲ ಕೈಗೆ ಎಣ್ಣೆ ಹಚ್ಚಿಕೊಳ್ಳುತ್ತಾರೆ. ಇಷ್ಟು ಅಗಲದ ಹೆಬ್ಬೆರಳು ಶೆಡ್ಡಿನಲ್ಲಿ ಒಬ್ಬರಿಗೇ ಇದೆ. ಹೆಸರು ಬರೆಯುವುದಿಲ್ಲ.

ಬಹಳ ಹೊತ್ತು ಕುಳಿತೆ. ಇದು ಸಂಘಟಿತ ಕ್ರಿಯೆಯೋ ವೈಯಕ್ತಿಕ ಕ್ರಿಯೆಯೋ ಎಂಬುದು ಸ್ಪಷ್ಟವಾಗಲಿಲ್ಲ. ಯಂತ್ರ ಒಡೆಯುವುದು ಅಪಕ್ವ ಹೋರಾಟ ಎಂದು ಓದಿದ್ದೇನೆ. ಆದರೆ ಇದು ಒಡೆದದ್ದಲ್ಲ. ಒಳಗೆ ಪುಡಿ ಹಾಕಿದ್ದು.

ಒರೆಸೋಣವೆಂದರೆ ಹತ್ತಿ ಸಾಲಲಿಲ್ಲ. ಟ್ರೇ ಮುಚ್ಚಿ ಎದ್ದೆ.

ಇವತ್ತು ಶೆಡ್ಡಿನಲ್ಲಿ ಹಾಡಿರಲಿಲ್ಲ. ಬೀರವ್ವ ತನ್ನ ಸೊಸೆಗೆ ಬಾಳೆಹಣ್ಣು ಸುಲಿಯಲು ಬರುವುದಿಲ್ಲವೆಂದು ಒಂದು ತಾಸು ಹೇಳಿದಳು. ಸುಲಿದು ತೋರಿಸಲೂ ಎದ್ದಳು. ಬುಟ್ಟಿ ಐದಕ್ಕೆ ಇಳಿಯಿತು.

೧೬ ಫೆಬ್ರವರಿ

ಸಾವಕಾರ ಬಂದ. ಲಾರಿ ಬರುವ ದಿನ ಹತ್ತಿರ ಬಂದಿದೆ, ಚೀಲ ಅರ್ಧವೂ ಆಗಿಲ್ಲ.

"ಮಿಷನ್‌ಗೆ ಏನಾಗೈತಿ?"

"ಗೊತ್ತಿಲ್ರಿ."

ಇದು ಸುಳ್ಳಲ್ಲ. ಯಂತ್ರದ ಒಳಗಿನದು ಪೂರ್ತಿಯಾಗಿ ಯಾರಿಗೆ ಗೊತ್ತಿದೆ?

"ಡಾಕಪ್ಪಾ, ಇದನ್ನ ಇವತ್ತ ರಾಣೆಬೆನ್ನೂರಿಗೆ ಒಯ್ದು ಕುತುಬುದ್ದೀನಗ ಕೊಟ್ಟು ಬಾ. ಅಂವಾ ಕೈ ಹಚ್ಚಿದ್ರ ತಾಸಿನ ಕೆಲಸ. ನಾಳೆ ಮಧ್ಯಾಹ್ನ ಹೋಗಿ ತಗೊಂಡು ಬಾ. ಖರ್ಚು ನಂದು."

"ಅಲ್ಲಿ ತನಕಾ ಆ ಅಮೀರಬೀನ್ನ ಕರಸೂಣೇನ್ರಿ?" ಎಂದು ಅವ್ವ ಕೇಳಿದಳು.

"ಮಿಷನ್ ಆಗದಿದ್ರ ನೋಡೂಣು."

ಡಾಕಪ್ಪ ಯಂತ್ರವನ್ನು ಟವೆಲಿನಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡ. ಶೆಡ್ಡಿನಲ್ಲಿ ಏಳೂ ಮಂದಿಯ ಕೈಗಳು ನಿಂತಿದ್ದವು. ಬೀರವ್ವ ನನ್ನ ಕಡೆ ನೋಡಿದಳು. ನಾನು ಡಾಕಪ್ಪನ ಬೆನ್ನನ್ನು ನೋಡುತ್ತಿದ್ದೆ.

೧೭ ಫೆಬ್ರವರಿ, ರಾಣೆಬೆನ್ನೂರು

ಬೆಳಗಿನ ಮೊದಲ ಬಸ್ಸಿಗೆ ಹೋದೆ. ಅಂಗಡಿ ತೆರೆದಿತ್ತು. ನಮ್ಮ ಯಂತ್ರ ಮೇಜಿನ ಮೇಲೆ ಮುಚ್ಚಳ ಬಿಚ್ಚಿಕೊಂಡು ಕುಳಿತಿತ್ತು. ಕುತುಬುದ್ದೀನ ಚಾಚಾನ ಕೈಯಲ್ಲಿ ಹತ್ತಿ ಸುತ್ತಿದ ಕಡ್ಡಿ.

"ಬಾ ತಮ್ಮಾ. ನಿನ್ನ ಕಾಗದಾ ಮುಟ್ಟೈತಿ. ಬೈಗಳ ಚಲೋ ಬರದೀದಿ, ಅಕ್ಷರಾನೂ ಚಂದ ಅದಾವು. ಇದರಾಗ ಏನೂ ಆಗಿಲ್ಲ ನೋಡು, ಲೆನ್ಸಿನ ಮ್ಯಾಲ ಮೆಣಸಿನಕಾಯಿ ಪುಡಿ. ಒಂದು ಒರಸಿದ್ರ ಹಾಡತೈತಿ."

"ಒರಸಬ್ಯಾಡ್ರಿ ಚಾಚಾ."

ಕನ್ನಡಕ ಹಣೆಯಿಂದ ಕೆಳಗೆ ಇಳಿಯಿತು.

ಎಲ್ಲವನ್ನೂ ಹೇಳಿದೆ. ಕ್ರಮವಾಗಿ ಮಂಡಿಸಬೇಕೆಂದು ಬಸ್ಸಿನಲ್ಲಿ ಯೋಚಿಸಿಕೊಂಡು ಹೋಗಿದ್ದೆ: ಯಂತ್ರ, ವೇಗ, ಕೂಲಿ, ನಿರುದ್ಯೋಗ. ಆದರೆ ಅಮೀರಬಿ ಆಯಿಯ ತಾಟಿನಿಂದ ಆರಂಭವಾಗಿ ಅದರಲ್ಲೇ ಹೊತ್ತು ಹೋಯಿತು. ಸಿದ್ಧಾಂತದ ಭಾಗ ಪೂರ್ತಿ ಉಳಿದುಹೋಯಿತು.

ಅವರು ಕಡ್ಡಿಯನ್ನು ಮೇಜಿನ ಮೇಲಿಟ್ಟರು.

"ಈಗ ನಾ ಏನ ಮಾಡಬೇಕು ಅಂತೀದಿ?"

"ರಿಪೇರಿ ಆಗಂಗಿಲ್ಲ ಅಂತ ಒಂದು ಚೀಟಿ ಬರದು ಕೊಡ್ರಿ."

"ಮೂವತ್ತು ವರ್ಷ ಆತು ಈ ಅಂಗಡಿ ಹಾಕಿ. ಆಗೂದನ್ನ ಆಗಂಗಿಲ್ಲ ಅಂತ ಒಂದೂ ಚೀಟಿ ಬರದಿಲ್ಲ. ಇವತ್ತು ಬರದ್ರ ನಾಳೆ ಖರೇನ ಆಗದ್ದಕ್ಕ ಬರದದ್ದನ್ನ ಯಾರು ನಂಬ್ತಾರ?"

ನಾನು ಸತ್ಯದ ಬಗ್ಗೆ ಎಷ್ಟು ಓದಿದ್ದೇನೆ! ಆ ಕ್ಷಣ ಅವರು ಸತ್ಯ ಬಿಡಲಿ ಎಂದು ಬೇಡುತ್ತ ನಿಂತಿದ್ದೆ.

"ಮತ್ತ ನೀ ನನಗ ದಲ್ಲಾಳಿ ಅಂದಾಂವ. ದಲ್ಲಾಳಿ ಮಾತು ಯಾರು ನಂಬಬೇಕೋ?"

"ತಪ್ಪಾತ್ರಿ."

"ತಪ್ಪೇನಿಲ್ಲ, ಕಮಿಷನ್ ಬರವಲ್ದು ಅನ್ನೂದ ದುಃಖ."

ಹೊರಗೆ ಹನ್ನೆರಡರ ಬಸ್ಸುಗಳು ಬರತೊಡಗಿದ್ದವು. ಡಾಕಪ್ಪ ಯಾವುದರಲ್ಲಾದರೂ ಇರಬಹುದಿತ್ತು. ಚಾಚಾ ಎದ್ದು ಗೋಡೆಯ ಹಲಗೆಗಳ ಮುಂದೆ ನಿಂತರು. ರಿಪೇರಿಗೆ ಬಂದವು ಸಾಲಾಗಿ ಕುಳಿತಿದ್ದವು. ಒಂದು ಶಾಲೆಯ ಟೇಪ್, ಮಸೀದಿಯ ಆಂಪ್ಲಿಫೈಯರ್, ಯಾರದೋ ಮದುವೆಗೆ ಕೊಟ್ಟ ಡೆಕ್ಕು, ಹೊಲದ ಮಣ್ಣು ಮೆತ್ತಿದ ರೇಡಿಯೋಗಳು. ಎಲ್ಲಕ್ಕೂ ದಾರದಲ್ಲಿ ಕಟ್ಟಿದ ಚೀಟಿ. ಬೆರಳಿಟ್ಟು ಎಣಿಸಿದರು.

"ಹತ್ತೊಂಬತ್ತು. ಎಲ್ಲಾ ಇದಕ್ಕಿಂತ ಮೊದ್ಲ ಬಂದಾವು. ಸಾವಕಾರಂದು ಅಂದ ಕೂಡ್ಲೆ ಪಾಳಿ ಮುರದು ಇದನ್ನ ಮೊದ್ಲ ಬಿಚ್ಚಿದೆ. ಮೂವತ್ತು ವರ್ಷ ಹಂಗ ಮಾಡೇನಿ, ಯಾರೂ ಕೇಳಿಲ್ಲ. ನಿಮ್ಮ ಮೆಣಸಿನಕಾಯಿ ಸೀಜನ್ ಯಾವಾಗ ಮುಗೀತೈತಿ?"

"ಏಪ್ರಿಲ್ ಆಗತೈತ್ರಿ."

"ಕೆಲವೊಂದಕ್ಕ ಸಾಮಾನು ಹುಬ್ಬಳ್ಳಿಯಿಂದ ಬರಬೇಕು. ಪಾಳಿ ಪ್ರಕಾರ ಹೋದ್ರ ಏಪ್ರಿಲ್ ಆಗಬೋದು."

ಮುಚ್ಚಳ ಮುಚ್ಚಿ ನಾಲ್ಕೂ ಸ್ಕ್ರೂ ಬಿಗಿದರು. ಚೀಟಿಯಲ್ಲಿ ಇಪ್ಪತ್ತು ಎಂದು ಬರೆದು ಕಟ್ಟಿ, ಕೊನೆಯ ಹಲಗೆಯಲ್ಲಿಟ್ಟರು.

"ಇದು ಸುಳ್ಳೇನು?"

"ಅಲ್ರಿ."

"ಹಂಗಾರ ಯಾಕ ಅಳೂ ಮಾರಿ ಮಾಡೀದಿ? ಚಾ ಹೇಳು. ಕಮಿಷನ್."

ಚಹಾ ಬರುವಷ್ಟರಲ್ಲಿ ಡಾಕಪ್ಪ ಬಂದ. ನನ್ನನ್ನು ನೋಡಿ ಹುಬ್ಬೇರಿಸಿದ. ಕೇಬಲ್ಲು ಕೊಳ್ಳಲು ಬಂದೆನೆಂದೆ.

"ಆತೇನ್ರಿ ಸಾವಕಾರ್ರದ್ದು?"

"ಅದರ ನಂಬರ ಇಪ್ಪತ್ತು. ಪಾಳಿ ಬಂದ ಕೂಡ್ಲೆ ನೋಡ್ತೇನಿ."

"ಸಾವಕಾರ್ರದು ಅಂದ್ನೆಲ್ರಿ."

"ಕೇಳಿಸ್ತು. ಸಾವಕಾರ್ರದರ ನಂಬರ ಇಪ್ಪತ್ತು."

ಡಾಕಪ್ಪ ಹಲಗೆಯ ತನಕ ಹೋಗಿ ಚೀಟಿ ನೋಡಿ ಬಂದ. ಆಮೇಲೆ ದನಿ ತಗ್ಗಿಸಿ ಕೇಳಿದ, "ಹೋದ ತಿಂಗಳ ನಂದೊಂದು ರೇಡಿಯೋ ಕೊಟ್ಟಿದ್ದೆ. ಅದರದು?"

"ಅದರದು ಮೂರು. ಸೋಮವಾರ ಬಂದು ಒಯ್ಯಿ."

"ನಂದು ಮೂರು, ಸಾವಕಾರ್ರದು ಇಪ್ಪತ್ತು," ಎಂದ ಡಾಕಪ್ಪ. ಮತ್ತೊಮ್ಮೆ ಎಂದ. ಬಸ್ಸಿನಲ್ಲಿ ನನ್ನ ಪಕ್ಕ ಕುಳಿತವನು ದಾರಿಯಲ್ಲಿ ಕಾಕೋಳ ಬರುವವರೆಗೂ ಆಗಾಗ ನಗುತ್ತಿದ್ದ. ಸಾವಕಾರನಿಗೆ ಸುದ್ದಿಯನ್ನು ಒಂದಕ್ಷರ ತಪ್ಪದೆ ಮುಟ್ಟಿಸುತ್ತಾನೆಂದು ನನಗೆ ಧೈರ್ಯ ಬಂತು.

೧೮ ಫೆಬ್ರವರಿ

ಸಾವಕಾರ ಚಾಚಾನಿಗೆ ಫೋನ್ ಮಾಡಿದನಂತೆ. ಇಪ್ಪತ್ತು ಎಂದರಂತೆ. ಫೋನ್ ಇಟ್ಟು ತನ್ನ ಅಂಗಡಿಯಲ್ಲಿ ಒದರಾಡಿದನಂತೆ. ಸಂಜೆ ಬಂದು, "ಆ ಮುದುಕೀನ್ನ ಕರಕೋ, ಲಾರಿ ತಪ್ಪತೈತಿ," ಎಂದು ಅವ್ವನಿಗೆ ಹೇಳಿ, ಕೂರದೆ ಹೋದ.

ಕರೆಯಲು ನಾನೇ ಹೋದೆ. ಬಾಗಿಲಲ್ಲೇ ಹೇಳಿದೆ. ಆಯಿ, "ನಾಳೆ ಎಷ್ಟಕ್ಕ?" ಎಂದು ಮಾತ್ರ ಕೇಳಿದಳು. ಒಂಬತ್ತಕ್ಕೇ ಎಂದು ಅವಳಿಗೆ ಗೊತ್ತಿಲ್ಲವೇ?

೨೦ ಫೆಬ್ರವರಿ

ಡಾಕಪ್ಪ ತನ್ನ ರೇಡಿಯೋ ಬಿಡಿಸಿಕೊಂಡು ನೇರ ಶೆಡ್ಡಿಗೆ ಬಂದ, ಎಲ್ಲರಿಗೂ ನಂಬರಿನ ಕಥೆ ಹೇಳಲು. ಸಾವಕಾರನೂ ಅದೇ ಹೊತ್ತಿಗೆ ಬಂದ. ಹಾಡಿಲ್ಲದೆ ಕೈ ಓಡುವುದಿಲ್ಲ, ಹಳೆಯದೊಂದು ಟೇಪ್ ಕೊಡಿಸಲೇ ಎಂದು ನನ್ನನ್ನು ಕೇಳಿದ. ನಾನು ಯೋಚಿಸುತ್ತಿರುವಾಗಲೇ ಬೀರವ್ವ ಹೇಳಿದಳು:

"ಯಾಕ್ರಿ ಸಾವಕಾರ್ರ ಖರ್ಚು? ಡಾಕಪ್ಪಂದು ರೇಡಿಯೋ ಐತೆಲ್ರಿ, ಅದನ್ನ ಈ ಡಬ್ಬಿಗೆ ಹಚ್ಚಿದ್ರ ಸಾಕು."

ಖರ್ಚಿಲ್ಲ ಎಂದದ್ದರಿಂದ ಒಪ್ಪಿದ. ಇಯರ್‌ಫೋನಿನ ತೂತಿನಿಂದ ವೈರು ಎಳೆದು ಆಂಪ್ಲಿಫೈಯರಿಗೆ ಜೋಡಿಸಿದೆ. ಸ್ವಲ್ಪ ಗುಂಯ್ ಎನ್ನುತ್ತದೆ. ಅವನು ಹೋದ ಮೇಲೆ, ರೇಡಿಯೋ ಯಾಕೆ ಎಂದು ಬೀರವ್ವನನ್ನು ಕೇಳಿದೆ.

"ಟೇಪ್ ಆದ್ರ ಇದನ್ನ ಹಚ್ಚು, ಅದನ್ನ ಹಚ್ಚು ಅಂತಾನ. ರೇಡಿಯೋಕ್ಕ ಯಾರು ಹೇಳಾವ್ರು? ಅದು ತನಗ ತಿಳದಾಗ ಹಾಡತೈತಿ, ತಿಳದಾಗ ಪ್ಯಾಟಿ ಧಾರಣಿ ಹೇಳತೈತಿ."

ಧ್ವನಿಯ ಮೂಲ ಯಾವುದೆಂಬುದಕ್ಕಿಂತ ಅದರ ಗುಂಡಿ ಯಾರ ಕೈಯಲ್ಲಿದೆ ಎಂಬುದೇ ಮುಖ್ಯ. ಸುಮಾರು ಒಂದೂವರೆ ತಿಂಗಳ ಅಧ್ಯಯನದ ನಂತರ ನಾನು ಈ ತೀರ್ಮಾನಕ್ಕೆ ಬಂದಿದ್ದೇನೆ. ಕರಪತ್ರಕ್ಕೆ ಇದೇ ಮೊದಲ ವಾಕ್ಯ.

ಮಧ್ಯಾಹ್ನ ಭತ್ತದ ಬೆಂಕಿರೋಗದ ಬಗ್ಗೆ ಯಾರೋ ಬಹಳ ನಿಧಾನವಾಗಿ ಮಾತಾಡಿದರು. ನಮ್ಮಲ್ಲಿ ಯಾರಿಗೂ ಭತ್ತದ ಗದ್ದೆ ಇಲ್ಲ. ಎಲ್ಲರೂ ಕೇಳಿದರು. ಒಂದು ತೊಟ್ಟು ಬಿತ್ತು, ತುಸು ಹೊತ್ತಿನ ಮೇಲೆ ಇನ್ನೊಂದು.

ಸಂಜೆ ಅವ್ವ ಬುಟ್ಟಿ ಎಣಿಸಿದಳು, ಸಾವಕಾರನ ವಹಿಯಲ್ಲಿ ನಾನು ಬರೆದುಕೊಂಡೆ. ಅಮೀರಬಿ, ನಾಲ್ಕು. ಬೀರವ್ವ, ನಾಲ್ಕು. ಉಳಿದ ಆರು ಜನ, ಒಬ್ಬೊಬ್ಬರದೂ ನಾಲ್ಕು. ನಾನು ಅವ್ವನ ಮುಖ ನೋಡಿದೆ. ಅವ್ವ ಚೀಲದ ಬಾಯಿ ಹೊಲಿಯುತ್ತಿದ್ದಳು.

"ಎಲ್ಲಾರ್ಗೂ ಬೆರಳು ನೋವು ಅಂತ ಬರಿ."

ಬರೆದೆ.